ಬೈಂಡು ಮಾಡಿದ ಇ.ಸಿ.ಜಿ.

ಸ್ವಂತ ಹೃದಯದ ಅಂಚು ಕತ್ತರಿಸಿ, ಅಂಟು ಬಳಿದು, ರಟ್ಟು ಕಟ್ಟಿ, ಮೇಲೆ ಚಿನ್ನದ ಅಕ್ಷರ ಒತ್ತಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ಗ್ರಂಥಾಲಯದ ಬೈಂಡರು. ಕಂಡವರಿಗೆಲ್ಲ ಅವರು ಬೈಂಡರು, ಹೆಂಡತಿಗೆ ಮಾತ್ರ ‘ರೀ’.

ವಯಸ್ಸು ಐವತ್ತೆರಡು. ಜೋರಾಗಿ ಗಾಳಿ ಬೀಸಿದರೆ ಗೋಡೆ ಹಿಡಿದುಕೊಳ್ಳಬೇಕಾದಷ್ಟು ಸಣಕಲು ಮೈ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ಅಂಚು ಸವರಿ ಮೇಲಕ್ಕೆ ಕಳಿಸುವುದು ಮೂವತ್ತು ವರ್ಷದಿಂದ ಅವರ ಕೆಲಸ. ಆ ಕೆಲಸದಲ್ಲಿ ಅವರ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ತೊಂದರೆಯೆಂದರೆ ಕೆಲಸ ಮುಗಿದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ಸೊಟ್ಟ ಅಂಚು ಕಂಡರೆ ಅವರಿಗೆ ಮೈಯೆಲ್ಲ ತುರಿಕೆ. ಲೈಟ್ ಬಿಲ್ಲು, ಮದುವೆಯ ಕರೆಯೋಲೆ, ಗೋಡೆಯ ಕ್ಯಾಲೆಂಡರು, ಕೊನೆಗೆ ಬ್ರೆಡ್ಡಿನ ಚೂರು ಕೂಡ ಅವರ ಕತ್ತಿಗೆ ನಾಲ್ಕೂ ಬದಿ ಒಪ್ಪಿಸಿಯೇ ಮುಂದೆ ಹೋಗಬೇಕಿತ್ತು. ನೋಟುಗಳನ್ನು ಮಾತ್ರ ಜೈಲಿಗೆ ಹೆದರಿ ಬಿಟ್ಟಿದ್ದರು.

ಇಂಥವರ ಮನೆಗೆ ಒಂದು ಭಾನುವಾರ ಭಾವಮೈದುನ ಬಂದ. ಹೆಂಡತಿಯ ತಮ್ಮ, ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಬೈಂಡರಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಐವತ್ತನಾಲ್ಕು ಮೆಟ್ಟಿಲ ಮೇಲೆ. ಅಷ್ಟನ್ನೂ ಅವನು ಓಡುತ್ತಲೇ ಹತ್ತಿ ಬಂದು, ಚೀಲದಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ.

"ನೋಡಿ ಭಾವ, ನನ್ನ ಇ.ಸಿ.ಜಿ. ಡಾಕ್ಟ್ರು ನೋಡಿ ಏನಂದ್ರು ಗೊತ್ತಾ? ಇದು ಇಪ್ಪತ್ತು ವರ್ಷದವನ ಹಾರ್ಟು ಅಂದ್ರು."

ಬೈಂಡರು ಕಾಗದವನ್ನು ಬೆಳಕಿಗೆ ಹಿಡಿದರು. "ಅಂಚು ಸೊಟ್ಟಗಿದೆಯಲ್ಲೋ."

"ಅಂಚು ಬಿಡಿ ಭಾವ, ಒಳಗಿರೋದು ನೋಡಿ. ನಿಮ್ಮ ಹತ್ರ ಇದೆಯಾ ಇಂಥದ್ದು?"

ಇರಲಿಲ್ಲ. ಐವತ್ತೆರಡು ವರ್ಷ ಹೃದಯ ಇಟ್ಟುಕೊಂಡು ಅದಕ್ಕೊಂದು ಕಾಗದ ಮಾಡಿಸಿರಲಿಲ್ಲ ಎಂಬುದು ಬೈಂಡರಿಗೆ ಅವಮಾನವಾಗಿ ಕಂಡಿತು. ಮರುದಿನವೇ ಹೆಂಡತಿಯನ್ನು ಹೊರಡಿಸಿಕೊಂಡು ರಸ್ತೆ ತುದಿಯ ಕ್ಲಿನಿಕ್ಕಿಗೆ ಹೋದರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರೆ ಒಂದರ ಬೆಲೆಗೆ ಎರಡು ಎಂದು ಅಲ್ಲಿ ಬೋರ್ಡು ಹಾಕಿದ್ದರು. ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಹೆಂಡತಿ, "ನನಗ್ಯಾಕ್ರೀ ಅದೆಲ್ಲ, ನಲವತ್ತು ಷರ್ಟು ಬಾಕಿ ಇದೆ" ಎಂದರು. "ಬಿಟ್ಟಿ ಸಿಗೋದನ್ನ ಬಿಡೋದಾ?" ಎಂದು ಬೈಂಡರು ಬಾಯಿ ಮುಚ್ಚಿಸಿದರು. ಅಲ್ಲಿ ಮೊದಲು ಮಂಚ ಹತ್ತಿದವರೂ ಅವರೇ.

ಟೆಕ್ನಿಷಿಯನ್ ಹೆಂಗಸು ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಮೈಗೆ ತಣ್ಣನೆಯ ಬಟ್ಟಲುಗಳನ್ನು ಅಂಟಿಸಿದಳು, ಗುಂಡಿ ಒತ್ತಿದಳು, ಯಂತ್ರ ಕಾಗದ ಕಕ್ಕಿತು. ಆಮೇಲೆ ಹೆಂಡತಿಯ ಸರದಿ. ಇಬ್ಬರ ಕಾಗದವನ್ನೂ ಹರಿದು, ಅಂಚಿನಲ್ಲಿ ನೀಲಿ ಪೆನ್ನಿನಿಂದ ಹೆಸರು ಗೀಚಿ, ಒಂದೇ ಲಕೋಟೆಗೆ ಹಾಕಿ ಕೊಟ್ಟಳು.

"ಡಾಕ್ಟ್ರು ರಜೆ ಮೇಲಿದ್ದಾರೆ. ಇವತ್ತಿಗೆ ಹದಿನಾರನೇ ದಿನ ಬರ್ತಾರೆ. ಆವಾಗ ತಂದು ತೋರ್ಸಿ. ಅಲ್ಲೀವರೆಗೂ ನೀವ್ ನೀವೇ ನೋಡ್ಕೊಂಡು ತಲೆ ಕೆಡಿಸ್ಕೋಬೇಡಿ."

ಇದಕ್ಕಿಂತ ಒಳ್ಳೆಯ ಸಲಹೆಯನ್ನು ಬೈಂಡರು ಆ ವರ್ಷ ಕೇಳಿರಲಿಲ್ಲ. ಹಾಗಾಗಿ ಮನೆ ತಲುಪುವ ಮೊದಲೇ ಅದನ್ನು ಮರೆತರು.

ಮನೆಯಲ್ಲಿ ಲಕೋಟೆ ತೆರೆದರೆ ಕಾಗದಗಳೆರಡೂ ಅಡ್ಡಾದಿಡ್ಡಿ ಹರಿದು, ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ನೋಡಲಾಗಲಿಲ್ಲ. ಬೈಂಡರು ಎರಡನ್ನೂ ಒಂದರ ಮೇಲೊಂದಿಟ್ಟು, ಕಬ್ಬಿಣದ ಸ್ಕೇಲು ಒತ್ತಿ ಹಿಡಿದು, ನಾಲ್ಕೂ ಬದಿ ಒಂದೇ ಏಟಿಗೆ ಸವರಿದರು. ನೀಲಿ ಗೀಚು ಇದ್ದ ಚೂರುಗಳನ್ನು ಹೆಂಡತಿ ಗುಡಿಸಿ ಹಾಕಿದರು. ಮರುದಿನ ನೆಲಮಾಳಿಗೆಯಲ್ಲಿ ಊಟದ ಬಿಡುವಿನಲ್ಲಿ ಎರಡಕ್ಕೂ ರಟ್ಟು ಬಂತು, ರೆಕ್ಸಿನ್ ಬೆನ್ನು ಬಂತು. ಸಂಜೆಯ ಹೊತ್ತಿಗೆ ನೀಲಿ ಹೊದಿಕೆಯ ಮೇಲೆ ಚಿನ್ನದ ಅಕ್ಷರದಲ್ಲಿ ‘ಹೃದಯ: ಸಂಪುಟ ಒಂದು, ಶ್ರೀಯುತರದು’ ಎಂದೂ, ಕಂದು ಹೊದಿಕೆಯ ಮೇಲೆ ‘ಹೃದಯ: ಸಂಪುಟ ಎರಡು, ಶ್ರೀಮತಿಯವರದು’ ಎಂದೂ ಹೊಳೆಯುತ್ತಿತ್ತು. ಒಳಗೆ ಏನಿದೆಯೆಂದು ಬೈಂಡರು ಇನ್ನೂ ನೋಡಿರಲಿಲ್ಲ. ಕೆಲಸ ಮುಗಿಯುವ ತನಕ ಪುಸ್ತಕ ಓದಬಾರದೆಂಬುದು ಅವರು ಪಾಲಿಸಿಕೊಂಡು ಬಂದಿದ್ದ ಶಿಸ್ತು.

ಭಾವಮೈದುನನನ್ನು ಕರೆಸಿ, ಎದುರಿಗೆ ಕೂರಿಸಿ, ಗತ್ತಿನಿಂದ ಸಂಪುಟ ಒಂದನ್ನು ತೆರೆದರು. ಅವನು ನೋಡಿದ. ಹತ್ತಿರ ಹಿಡಿದು ನೋಡಿದ. ಗೆರೆಗಳ ಮೇಲ್ಗಡೆ ಯಂತ್ರ ಸಣ್ಣ ಅಕ್ಷರದಲ್ಲಿ ಏನೋ ಅಚ್ಚು ಹಾಕಿತ್ತು. ಮೊಬೈಲು ತೆಗೆದು ಆ ಅಕ್ಷರಗಳನ್ನು ಒಂದೊಂದಾಗಿ ಒತ್ತಿದ. ಮುಖದ ಬಣ್ಣ ಇಳಿಯಿತು.

"ಭಾವ, ಗಾಬರಿ ಆಗ್ಬೇಡಿ."

ಬೈಂಡರಿಗೆ ಆ ಕ್ಷಣದಿಂದಲೇ ಗಾಬರಿ ಶುರುವಾಯಿತು. "ಏನಂತೆ?"

"ಲೆಫ್ಟ್ ವೆಂಟ್ರಿಕಲ್ ದಪ್ಪ ಆಗಿರೋ ಹಾಗಿದೆಯಂತೆ. ಎಡಗಡೆ ಕೆಳಗಿನ ಕೋಣೆ. ರಕ್ತಾನ ಮೈಗೆಲ್ಲ ದಬ್ಬೋದು ಅದೇನೆ. ಅದರ ಗೋಡೆ ದಪ್ಪ ಆಗಿದೆ."

"ಗೋಡೆ ದಪ್ಪ ಇದ್ರೆ ಒಳ್ಳೇದೇ ಅಲ್ವೇನೋ?"

"ಮನೆಗಾದ್ರೆ ಒಳ್ಳೇದು. ನೋಡಿ ಭಾವ, ಆರು ಜನರ ಲಿಫ್ಟಿಗೆ ದಿನಾ ಹತ್ತು ಜನ ಹತ್ತಿದ್ರೆ ಮೋಟಾರು ಏನ್ಮಾಡುತ್ತೆ?"

"ಏನ್ಮಾಡುತ್ತೆ?"

"ಎಳೆಯುತ್ತೆ. ಎಳೆಯುತ್ತೆ. ಎಳೆಯುತ್ತೆ. ಆಮೇಲೆ ಒಂದಿನ..."

"ಆ ಒಂದಿನ ಏನೂ ಬೇಡ, ಊಟಕ್ಕೆ ಏಳಿ" ಎಂದು ಹೆಂಡತಿ ಅಡಿಗೆಮನೆಯಿಂದ ಕೂಗಿದರು.

ಊಟದ ನಂತರ ಭಾವಮೈದುನ ಮೊಬೈಲಿನಿಂದ ಲೆಕ್ಕವನ್ನೂ ಹುಡುಕಿ ತೆಗೆದ. ಎದೆಯ ಮೇಲೆ ಅಂಟಿಸಿದ ಆರು ಬಟ್ಟಲುಗಳಲ್ಲಿ ಮೊದಲನೆಯದರ ಗೆರೆ ಕೆಳಗೆ ಎಷ್ಟು ಇಳಿದಿದೆ, ಐದನೆಯದರ ಗೆರೆ ಮೇಲೆ ಎಷ್ಟು ಏರಿದೆ, ಎರಡನ್ನೂ ಕೂಡಬೇಕು. ಮೂವತ್ತೈದು ಚಿಕ್ಕ ಚೌಕ ಮುಟ್ಟಿದರೆ ದಪ್ಪ ಇರಬಹುದೆಂದು ಅನುಮಾನ. ಒಂದು ಚೌಕ ಎಂದರೆ ಒಂದು ಮಿಲಿಮೀಟರ್. ಅಳತೆಯ ಮಾತು ಬಂದಾಗ ಬೈಂಡರು ಇನ್ನೊಬ್ಬರ ಕಣ್ಣನ್ನು ನಂಬುವವರಲ್ಲ. ಕಬ್ಬಿಣದ ಸ್ಕೇಲು ತಂದು ತಾವೇ ಅಳೆದರು. ಕೆಳಗೆ ಹದಿನೆಂಟು. ಮೇಲೆ ಇಪ್ಪತ್ತೊಂಬತ್ತು. ಮೂರು ಸಲ ಅಳೆದರೂ ನಲವತ್ತೇಳು.

"ಹನ್ನೆರಡು ಜಾಸ್ತಿ" ಎಂದರು.

"ಅಕ್ಕಂದು ನೋಡೋಣ" ಎಂದು ಅವನು ಸಂಪುಟ ಎರಡನ್ನು ತೆರೆದ. "ಇಪ್ಪತ್ತೆರಡು. ನಾರ್ಮಲ್ ಅಂತ ಮಷೀನೇ ಬರೆದಿದೆ. ಅಕ್ಕ, ನಿಂದು ಕಬ್ಬಿಣ ಕಣೇ."

"ಇರ್ಲಿ ಬಿಡು" ಎಂದರು ಹೆಂಡತಿ ಗಂಡನ ಮುಖವನ್ನೇ ನೋಡುತ್ತ. "ನೋಡ್ಕೊಳ್ಳೋಕೆ ಒಬ್ರು ಗಟ್ಟಿ ಇರ್ಬೇಕಲ್ಲ."

ದೊಡ್ಡಾಸ್ಪತ್ರೆಗೆ ಹೋಗೋಣವೆಂದು ಭಾವಮೈದುನ ಎಷ್ಟೋ ಹೇಳಿದ. ಬೈಂಡರು ಜಪ್ಪಯ್ಯ ಎಂದರೂ ಏಳಲಿಲ್ಲ. ದೊಡ್ಡಾಸ್ಪತ್ರೆಗೆ ಹೋದವರನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ, ಇಟ್ಟುಕೊಂಡವರನ್ನು ಕುಯ್ಯುತ್ತಾರೆ ಎಂಬುದು ಅವರ ವಾದ. ತಮ್ಮ ಡಾಕ್ಟರು ಬರಲಿ, ಅವರು ಮೆತ್ತಗೆ ಮಾತಾಡುವವರು, ಹೇಳುವುದನ್ನು ಮೆತ್ತಗೆ ಹೇಳುತ್ತಾರೆ. ನಿಜವಾಗಿ ಅವರಿಗೆ ಸಾವಿನ ಭಯ ಹಿಡಿದಿತ್ತು, ಮತ್ತು ಅದನ್ನು ಖಾತ್ರಿ ಮಾಡಿಕೊಳ್ಳುವ ಧೈರ್ಯ ಇರಲಿಲ್ಲ. ಅಳತೆ ಮೀರಿ ದಪ್ಪವಾದ ಪುಸ್ತಕಕ್ಕೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೊಲಿಗೆ ಒಂದಷ್ಟು ದಿನ ತಡೆಯುತ್ತದೆ. ಆಮೇಲೆ ಯಾರೋ ಓದುಗ ಸುಮ್ಮನೆ ತೆರೆದಾಗ ಬೆನ್ನು ನಡುವಿಗೆ ಬಿರಿಯುತ್ತದೆ. ಮಧ್ಯಾಹ್ನ ಎಡಮಗ್ಗುಲಾಗಿ ಮಲಗಿದರೆ ದಿಂಬಿನೊಳಗಿಂದ ದಬ್ ದಬ್ ಎಂದು ಕೇಳಿಸುತ್ತಿತ್ತು. ಬಲಮಗ್ಗುಲಾದರೆ ಕೇಳಿಸುತ್ತಿರಲಿಲ್ಲ, ನಿಂತೇಹೋಯಿತೇನೋ ಎಂದು ಮತ್ತೆ ಎಡಕ್ಕೆ ಹೊರಳುತ್ತಿದ್ದರು.

ಗ್ರಂಥಾಲಯಕ್ಕೆ ರಜೆಯ ಅರ್ಜಿ ಹೋಯಿತು, ಮಾಡಬಾರದ ಕೆಲಸಗಳ ಪಟ್ಟಿಯೊಂದು ಗೋಡೆಗೆ ಬಂತು. ಭಾರ ಎತ್ತಬಾರದು, ಬಗ್ಗಬಾರದು, ಮೆಟ್ಟಿಲು ಹತ್ತಬಾರದು, ಇಳಿಯಬಾರದು, ಜೋರಾಗಿ ಕೆಮ್ಮಬಾರದು. ಅದುವರೆಗೆ ಬೈಂಡರು ಮನೆಗೆ ಮಾಡುತ್ತಿದ್ದದ್ದು ತುಂಬಿದ ಗ್ಯಾಸ್ ಸಿಲಿಂಡರು ಹೊರುವುದು ಮತ್ತು ಕೆಟ್ಟ ಬಲ್ಬು ಬದಲಿಸುವುದು, ಎರಡೇ ಕೆಲಸ. ಆ ಎರಡೂ ಈಗ ಕಬ್ಬಿಣದ ಹೃದಯದವರ ಪಾಲಿಗೆ ಹೋದವು. ಜೊತೆಗೆ ಗಂಡನಿಗೆ ಹಾಸಿಗೆಗೇ ಊಟ, ಹಾಸಿಗೆಗೇ ಪೇಪರು, ಬಚ್ಚಲಿಗೆ ಕೈಹಿಡಿದು ನಡೆಸುವುದು. ಅದರ ನಡುವೆ ಷರ್ಟುಗಳು.

ಸುದ್ದಿ ಮೆಟ್ಟಿಲಿಳಿದು ಎರಡನೇ ಮಹಡಿಗೆ ಹೋಯಿತು. ಅಲ್ಲಿದ್ದವರು ನಿವೃತ್ತ ಹೆಡ್ಮೇಷ್ಟ್ರು. ಆ ಕಟ್ಟಡದಲ್ಲಿ ಯಾರು ತೀರಿಕೊಂಡರೂ ಎರಡು ಮಾತು ಆಡುವ ಜವಾಬ್ದಾರಿಯನ್ನು ಅವರು ಯಾರೂ ಕೊಡದೆಯೇ ವಹಿಸಿಕೊಂಡಿದ್ದರು. ಬಂದವರು ಮೊದಲು ತಮ್ಮ ಸ್ಕೇಲಿನಿಂದ ಗೆರೆ ಅಳೆದರು.

"ನಲವತ್ತಾರೂವರೆ" ಎಂದರು.

"ನಲವತ್ತೇಳು, ಮೇಷ್ಟ್ರೇ" ಎಂದರು ಬೈಂಡರು ಹಾಸಿಗೆಯಿಂದ. ಸಾಯುವುದರಲ್ಲೂ ಅರ್ಧ ಮಿಲಿಮೀಟರು ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಹೆಡ್ಮೇಷ್ಟ್ರು ಜೇಬಿನಿಂದ ಎರಡು ಹಾಳೆ ತೆಗೆದರು. "ತಪ್ಪು ತಿಳ್ಕೋಬೇಡಿ. ಇಂಥದ್ದನ್ನ ಕೊನೇ ಗಳಿಗೇಲಿ ಬರೆದ್ರೆ ತಪ್ಪುಗಳಾಗುತ್ತೆ. ಹೋದ ಸಲ ಕೆಳಗಿನ ಮನೆಯವರಿಗೆ ಹೇಳುವಾಗ ಮಕ್ಕಳ ಸಂಖ್ಯೆ ಹೆಚ್ಚಾಗಿ ದೊಡ್ಡ ಗಲಾಟೆ ಆಯ್ತು. ನೀವಿದ್ದಾಗಲೇ ಒಂದು ಸಲ ಕೇಳಿಬಿಡಿ, ತಿದ್ದೋದಿದ್ರೆ ತಿದ್ದೋಣ."

ಹೆಡ್ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು. "ಸದಾ ನಗುಮೊಗದ, ಯಾರಿಗೂ ಒಂದು ಮಾತು ಅನ್ನದ..."

"ನಗುಮೊಗ ತೆಗೀರಿ, ಯಾರೂ ನಂಬಲ್ಲ" ಎಂದರು ಬೈಂಡರು ಕ್ಷೀಣ ದನಿಯಲ್ಲಿ.

"ಸರಿ. ಶಿಸ್ತಿನ ಸಿಪಾಯಿ ಅಂತ ಹಾಕೋಣ. ಮುಂದೆ ಪತ್ನಿಯವರ ಬಗ್ಗೆ ಒಂದು ವಾಕ್ಯ ಬೇಕು. ಏನು ಬರೀಲಿ?"

ಆಗ ಬಾಗಿಲಲ್ಲಿ ಸದ್ದಾಯಿತು. ಹೆಂಡತಿ ಬಟ್ಟೆಯ ಮೂಟೆಯನ್ನು ಬೆನ್ನ ಮೇಲಿನಿಂದ ಇಳಿಸಿ, ಹೊಸಿಲ ಮೇಲೆ ಕೂತು, ಬಾಗಿಲ ಚೌಕಟ್ಟಿಗೆ ತಲೆ ಆನಿಸಿದರು. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಮಾತಾಡಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾಕೆ ಹಂಗೆ ಏದುಸಿರು ಬಿಡ್ತೀಯ?" ಎಂದರು ಬೈಂಡರು. "ನಂಗೆ ಭಯ ಆಗುತ್ತೆ."

"ಏನಿಲ್ಲ ರೀ. ವಯಸ್ಸು."

ಬೈಂಡರು ಹೆಡ್ಮೇಷ್ಟ್ರ ಕಡೆ ತಿರುಗಿದರು. "ಗಟ್ಟಿಮುಟ್ಟಾಗಿದ್ದಾಳೆ ಅಂತ ಬರೀರಿ."

ಹೆಡ್ಮೇಷ್ಟ್ರು ಹಾಗೆಯೇ ಬರೆದುಕೊಂಡರು.

ಒಂಬತ್ತನೇ ದಿನ ಗ್ರಂಥಾಲಯದ ಮೇಡಂ ಸ್ವತಃ ಐವತ್ತನಾಲ್ಕು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಫೈಲು. ಮೂವತ್ತು ವರ್ಷದಲ್ಲಿ ಬೈಂಡರ ಮನೆಗೆ ಮೇಲಧಿಕಾರಿಯೊಬ್ಬರು ಬಂದದ್ದು ಅದೇ ಮೊದಲು. ಅದರಿಂದಲೇ ಬೈಂಡರಿಗೆ ತಮ್ಮ ಪರಿಸ್ಥಿತಿ ಎಷ್ಟು ಬಿಗಡಾಯಿಸಿದೆ ಎಂದು ಅರ್ಥವಾಯಿತು.

"ನಿಮಗೆ ಏನೂ ಆಗಲ್ಲ, ಧೈರ್ಯವಾಗಿರಿ" ಎಂದರು ಮೇಡಂ. "ಆದ್ರೆ ನಿಯಮ ಅಂತ ಒಂದಿದೆ ನೋಡಿ. ಕತ್ತರಿಸೋ ಯಂತ್ರದ ಬೀಗದ ಕೈ, ಅಂಟಿನ ಡಬ್ಬಗಳು, ಸೂಜಿ ಎಷ್ಟು, ಎಲ್ಲಾ ಒಂದು ಪಟ್ಟಿ ಮಾಡಿ ಸಹಿ ಹಾಕ್ಬಿಡಿ. ಆಮೇಲೆ ನಾವು ಯಾರನ್ನ ಕೇಳೋದು?"

"ಆಮೇಲೆ ಅಂದ್ರೆ, ಮೇಡಂ?"

"ರಜೆ ಮುಗಿದ ಆಮೇಲೆ. ನೀವೇನಂದ್ಕೊಂಡ್ರಿ?"

ಫಾರಂ ತೆಗೆದರು. ಕೆಲಸ ಒಪ್ಪಿಸಲು ಕಾರಣವೇನೆಂಬ ಜಾಗದಲ್ಲಿ ಎರಡೇ ಚೌಕ ಇದ್ದವು. ಒಂದರ ಮುಂದೆ ನಿವೃತ್ತಿ, ಇನ್ನೊಂದರ ಮುಂದೆ ನಿಧನ.

"ಮೂರನೇದು ಇಲ್ವಾ ಮೇಡಂ?"

"ಹೊಸ ಫಾರಂ ಅಚ್ಚಾಗ್ಬೇಕು, ಒಂದು ವರ್ಷ ಹಿಡಿಯುತ್ತೆ. ನೀವು ಚಿಂತೆ ಮಾಡ್ಬೇಡಿ, ನಿಮ್ದು ಸದ್ಯಕ್ಕೆ ಖಾಲಿ ಬಿಟ್ಟಿದ್ದೀನಿ. ಪೆನ್ಸಿಲಲ್ಲಿ ಒಂದು ಸಣ್ಣ ಗುರುತು ಹಾಕಿದ್ದೀನಿ ಅಷ್ಟೆ."

ಸಹಿ ಹಾಕುವಾಗ ಬೈಂಡರು ಓರೆಗಣ್ಣಿನಿಂದ ನೋಡಿದರು. ಪೆನ್ಸಿಲಿನ ಗುರುತು ಎರಡನೇ ಚೌಕದಲ್ಲಿತ್ತು. ಅವರ ಸಹಿ ಮೂವತ್ತು ವರ್ಷದಲ್ಲಿ ಮೊದಲ ಸಲ ಗೆರೆ ಬಿಟ್ಟು ಕೆಳಗಿಳಿಯಿತು. ಮೇಡಂ ಹೊರಡುವಾಗ ಸಂಪುಟ ಒಂದನ್ನು ಕೈಗೆತ್ತಿಕೊಂಡು, ಚಿನ್ನದ ಅಕ್ಷರಗಳ ಮೇಲೆ ಬೆರಳಾಡಿಸಿ, "ಎಷ್ಟು ಚೆನ್ನಾಗಿದೆ" ಎಂದರು. ಮತ್ತೆ ಸ್ವಲ್ಪ ಯೋಚಿಸಿ, "ಚಿನ್ನದ ಹಾಳೆ ಇಲಾಖೇದಾ?" ಎಂದೂ ಕೇಳಿದರು. ಬೈಂಡರು ಕಣ್ಣು ಮುಚ್ಚಿ ಎದೆ ಹಿಡಿದುಕೊಂಡದ್ದರಿಂದ ವಿಚಾರಣೆ ಅಲ್ಲಿಗೆ ನಿಂತಿತು.

ಆ ಮಧ್ಯಾಹ್ನ ಅವರಿಗೆ ನಿಜವಾಗಿಯೂ ದುಃಖ ಉಕ್ಕಿ ಬಂತು. ಹೆಂಡತಿ ಕಿಟಕಿಯ ಪಕ್ಕ ಮೆಷೀನು ತುಳಿಯುತ್ತಿದ್ದರು.

"ನಾನು ಹೋದ್ರೆ ನೀನೇನ್ಮಾಡ್ತೀಯ?"

"ಈ ಹದಿನೆಂಟು ಷರ್ಟಿಗೆ ಕಾಲರ್ ಹಾಕ್ತೀನಿ. ನಾಳೆ ಕೊಡ್ಬೇಕು."

"ತಮಾಷೆ ಅಲ್ಲ ಕಣೇ. ನಿಂಗೇನು, ನಿಂದು ನಾರ್ಮಲ್ಲು. ನಂದು ಕೇಳು."

ಸ್ವಲ್ಪ ಹೊತ್ತಿಗೆ ಮೆಷೀನು ನಿಂತಿತು. ಹೆಂಡತಿ ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ತೊಳೆಯಲು ಪಾತ್ರೆ ಇರಲಿಲ್ಲ, ಆದರೂ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು. ಹಿಂದಿರುಗಿದಾಗ ಕಣ್ಣು ಕೆಂಪಾಗಿದ್ದವು. "ಈರುಳ್ಳಿ" ಎಂದರು. ಅಂದು ಸಾರಿನಲ್ಲಿ ಈರುಳ್ಳಿ ಇರಲಿಲ್ಲ, ಮತ್ತು ಅದನ್ನು ಬೈಂಡರು ಗಮನಿಸಲೂ ಇಲ್ಲ.

ಹದಿನಾರನೇ ದಿನ ಬಂತು. ಮೆಟ್ಟಿಲಿಳಿಯಬಾರದ ಮನುಷ್ಯನನ್ನು ಕೆಳಗಿಳಿಸುವುದು ಹೇಗೆ ಎಂಬುದಕ್ಕೆ ಭಾವಮೈದುನ ತನ್ನ ವೃತ್ತಿಯ ಅನುಭವವನ್ನೆಲ್ಲ ಬಳಸಿ ಉಪಾಯ ಕಂಡುಹಿಡಿದ. ಬೈಂಡರನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಬೆಲ್ಟು ಬಿಗಿದು, ಮುಂದಿನ ಕಾಲು ಅವನು ಹಿಡಿದ, ಹಿಂದಿನ ಬೆನ್ನು ಅಕ್ಕನಿಗೆ ಕೊಟ್ಟ. ಎರಡು ಸಂಪುಟಗಳು ಬೈಂಡರ ತೊಡೆಯ ಮೇಲೆ. ಹೆಡ್ಮೇಷ್ಟ್ರು ಮುಂದೆ ಮುಂದೆ ಹೋಗುತ್ತ, "ದಾರಿ ಬಿಡಿ, ನಲವತ್ತಾರೂವರೆ ಬರ್ತಿದೆ" ಎಂದು ಜನರನ್ನು ಸರಿಸಿದರು. ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಯಾರೋ ಮುದುಕಿ ಬೈಂಡರ ಗಲ್ಲ ಸವರಿ ಕಣ್ಣೊರೆಸಿಕೊಂಡಳು.

ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ನಿಂತಿತು.

"ಯಾಕೆ ನಿಲ್ಸಿದ್ರಿ?" ಎಂದರು ಬೈಂಡರು.

"ಒಂದ್ನಿಮಿಷ ರೀ" ಎಂದಿತು ಹಿಂದಿನಿಂದ ದನಿ. ಹೆಂಡತಿ ಒಂದು ಕೈಯಲ್ಲಿ ಕುರ್ಚಿ ಹಿಡಿದು ಇನ್ನೊಂದನ್ನು ಗೋಡೆಗೆ ಊರಿದ್ದರು.

"ಅಲ್ಲಾಡಿಸ್ಬೇಡ ಮಾರಾಯ್ತಿ. ಎದೆ ಧಸಕ್ ಅನ್ನುತ್ತೆ."

ಹೆಂಡತಿ ಅಲ್ಲಾಡಿಸಲಿಲ್ಲ. ಟ್ಯಾಕ್ಸಿಯವರೆಗೂ ಅಲ್ಲಾಡಿಸಲಿಲ್ಲ. ಟ್ಯಾಕ್ಸಿಯಿಂದ ಕ್ಲಿನಿಕ್ಕಿನ ಒಳಗಿನವರೆಗೂ ಅಲ್ಲಾಡಿಸಲಿಲ್ಲ. ಕುರ್ಚಿ ಸಮೇತ ಬಂದ ರೋಗಿಯನ್ನು ಕಂಡು ಕಾಯುತ್ತಿದ್ದವರೆಲ್ಲ ಎದ್ದು ನಿಂತು ಸರದಿ ಬಿಟ್ಟುಕೊಟ್ಟರು.

ಡಾಕ್ಟರು ಸಂಪುಟ ಒಂದನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಷ್ಟು ಚೆಂದದ ಇ.ಸಿ.ಜಿ.ಯನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಒಳಗಿನ ಗೆರೆಗಳನ್ನು ನೋಡುತ್ತ ಮುಖ ಗಂಭೀರವಾಯಿತು.

"ಮೆಟ್ಟಿಲು ಹತ್ತಿದ್ರೆ ಉಬ್ಬಸ ಬರುತ್ತಾ?"

"ಹತ್ತೇ ಇಲ್ಲ ಸಾರ್. ಹೊತ್ಕೊಂಡು ಹೋಗ್ತಾರೆ."

"ಯಾರು?"

"ಹಿಂದಗಡೆ ಹೆಂಡ್ತಿ. ಮುಂದಗಡೆ ಭಾವಮೈದ."

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ನೂರಹದಿನೆಂಟು, ಎಪ್ಪತ್ತಾರು. ಎದೆಗೆ ಕಿವಿ ಕೊಟ್ಟರು. ಬೆನ್ನಿಗೆ ಕೊಟ್ಟರು. ಮತ್ತೆ ಸಂಪುಟ ನೋಡಿದರು. ಹುಬ್ಬು ಗಂಟಿಕ್ಕಿತು.

"ನಿಮ್ಮ ಹಾಗೆ ಎದೆಯಲ್ಲಿ ಮಾಂಸ ಇಲ್ದವರಿಗೆ ಗೆರೆ ಸುಮ್ಮನೆ ಎತ್ತರ ಬರೋದುಂಟು, ಗೋಡೆ ದಪ್ಪ ಇಲ್ದಿದ್ರೂ. ಅದಕ್ಕೇ ಬರೀ ಎತ್ತರ ನೋಡಿ ಹೇಳ್ಬಾರ್ದು. ಆದ್ರೆ ಇಲ್ನೋಡಿ, ಕೊನೇಲಿ ಗೆರೆ ಕೆಳಗೆ ಬಗ್ಗಿದೆ. ಇದು ನಿಜವಾಗಿ ಕಷ್ಟಪಡ್ತಿರೋ ಹಾರ್ಟು. ನಿಮ್ಮನ್ನ ನೋಡಿದ್ರೆ ಹಾಗೆ ಕಾಣ್ತಿಲ್ವಲ್ಲ. ಇನ್ನೊಂದು ಸಲ ತೆಗೀರಿ."

ಟೆಕ್ನಿಷಿಯನ್ ಹೆಂಗಸು ಬಟ್ಟಲು ಅಂಟಿಸಿದಳು. ಆ ಎರಡು ನಿಮಿಷ ಬೈಂಡರು ತಾವು ಇಷ್ಟು ವರ್ಷ ಕೇಳದ ದೇವರುಗಳಿಗೆಲ್ಲ ಅಡ್ಡಬಿದ್ದರು. ಹೊಸ ಕಾಗದ ಬಂತು. ಡಾಕ್ಟರು ಅದನ್ನು ಸಂಪುಟ ಒಂದರ ಪಕ್ಕ ಇಟ್ಟರು, ತಲೆಯಾಡಿಸಿದರು. ಸಂಪುಟ ಎರಡನ್ನು ತೆರೆದು ಹೊಸ ಕಾಗದದ ಪಕ್ಕ ಇಟ್ಟರು. ಗೆರೆಗೆ ಗೆರೆ ಕೂತಿತು.

"ಈ ಕಂದು ಪುಸ್ತಕ ಯಾರದು?"

"ಹೆಂಡ್ತೀದು ಸಾರ್."

"ಹೆಸರೆಲ್ಲಿ? ನಮ್ಮವರು ಅಂಚಲ್ಲಿ ಬರೀತಾರಲ್ಲ."

ಬೈಂಡರು ಸಂಪುಟದ ಅಂಚು ಸವರಿದರು. "ಅಂಚು ಸೊಟ್ಟಗಿತ್ತು ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಕತ್ತರಿಸಿದ್ರಾ? ಮತ್ತೆ ಯಾವ್ದು ಯಾರದು ಅಂತ ಹೇಗೆ ಗೊತ್ತಾಯ್ತು?"

"ಮೇಲಿದ್ದದ್ದು ನಂದು ಅಂತ... ಮನೆ ಯಜಮಾನ ನಾನಲ್ವಾ ಸಾರ್."

ಟೆಕ್ನಿಷಿಯನ್ ಹೆಂಗಸು ಕನ್ನಡಕ ಮೇಲೆತ್ತಿದಳು. "ಮೊದ್ಲು ಮಲಗಿದ್ದು ನೀವು. ನಿಮ್ದು ಕೆಳಗಿತ್ತು. ಆಮೇಲೆ ಇವ್ರದ್ದು ತೆಗೆದು ಅದರ ಮೇಲಿಟ್ಟೆ."

ಒಂದು ಉಸಿರಿನಷ್ಟು ಹೊತ್ತು, ಸುಳ್ಳು ಯಾಕೆ ಹೇಳಬೇಕು, ಬೈಂಡರಿಗೆ ಕುಣಿಯುವಷ್ಟು ಸಂತೋಷವಾಯಿತು. ತಾವು ಸಾಯುವುದಿಲ್ಲ. ಎರಡು ವಾರದಲ್ಲಿ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಎದ್ದು ನಿಂತಾಗ ಗೋಡೆಗೆ ಒರಗಿ ನಿಂತಿದ್ದ ಹೆಂಡತಿ ಕಂಡರು. ಹಣೆಗೆ ಬಟ್ಟೆ ಕಟ್ಟಿತ್ತು, ಕುರ್ಚಿ ಹಿಡಿದು ಹಿಡಿದು ಎರಡೂ ಅಂಗೈ ಕೆಂಪಗಾಗಿದ್ದವು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಆ ಒಂದು ಉಸಿರಿನ ಸಂತೋಷಕ್ಕಾಗಿ ಬೈಂಡರು ಆಮೇಲೆ ಎಷ್ಟೋ ದಿನ ತಮ್ಮನ್ನು ತಾವೇ ಶಪಿಸಿಕೊಂಡರು.

"ನೀವು ಬನ್ನಿ ತಾಯಿ, ಕೂತ್ಕೊಳ್ಳಿ" ಎಂದರು ಡಾಕ್ಟರು.

ಬಿ.ಪಿ. ನೂರತೊಂಬತ್ತು, ನೂರಹದಿನಾಲ್ಕು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ.

"ತಲೆನೋವು ಬರುತ್ತಾ?"

"ಮೆಷೀನ್ ಮುಂದೆ ಕೂತ್ರೆ ಬರುತ್ತೆ. ಹೊಲಿಗೆಯವರಿಗೆಲ್ಲ ಇದ್ದದ್ದೇ."

"ಎಷ್ಟು ದಿನದಿಂದ?"

"ಮೂರು ವರ್ಷ ಆಗಿರ್ಬೋದು."

ಬೈಂಡರು ಹೆಂಡತಿಯ ಮುಖ ನೋಡಿದರು. ಒಂದೇ ಮನೆ, ಒಂದೇ ಕೋಣೆ. ಮೂರು ವರ್ಷದ ಮಾತು ಅವರಿಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಮೆತ್ತಗೆ ಹೇಳಿದರು. ರಕ್ತದ ಒತ್ತಡ ಹೆಚ್ಚಿದ್ದರೆ ಹೃದಯ ಅದರ ವಿರುದ್ಧ ದಬ್ಬಿ ದಬ್ಬಿ ದಪ್ಪವಾಗುತ್ತದೆ, ದಿನವೂ ಭಾರ ಎತ್ತುವವರ ತೋಳಿನ ಹಾಗೆ. ಇ.ಸಿ.ಜಿ. ಸುಳಿವು ಕೊಡುತ್ತದೆ ಅಷ್ಟೇ, ಎಷ್ಟು ದಪ್ಪ ಎಂದು ನಿಖರವಾಗಿ ತಿಳಿಯಲು ನಾಳೆಯೇ ಹೃದಯದ ಎಕೋ ಸ್ಕ್ಯಾನ್ ಮಾಡಿಸಬೇಕು. ಇವತ್ತಿನಿಂದಲೇ ಮಾತ್ರೆ, ಉಪ್ಪು ಕಡಿಮೆ. ಭಾರ ಎತ್ತುವುದು ಸದ್ಯಕ್ಕೆ ಬೇಡವೇ ಬೇಡ. ಒತ್ತಡ ಇಳಿದರೆ ಗೋಡೆಯೂ ನಿಧಾನಕ್ಕೆ ತೆಳ್ಳಗಾಗುವುದುಂಟು, ಆದರೆ ಮಾತ್ರೆ ತಪ್ಪಿಸಬಾರದು. "ಇಷ್ಟು ದಿನ ನಿಮಗೆ ಏನೂ ಆಗ್ದೆ ಇದ್ದಿದ್ದು ಪುಣ್ಯ" ಎಂದು ಕೊನೆಗೆ ಸೇರಿಸಿದರು.

ಭಾವಮೈದುನ ಮೊಬೈಲನ್ನು ಜೇಬಿಗಿಟ್ಟ. ಲಿಫ್ಟಿನ ಮಾತು ಅವನ ಬಾಯಿಂದ ಬರಲಿಲ್ಲ. "ಮಾತ್ರೆ ತರ್ತೀನಿ, ಸೀದಾ ಮನೆಗೆ ಬರ್ತೀನಿ ಅಕ್ಕ" ಎಂದು ಚೀಟಿ ಕಿತ್ತುಕೊಂಡು ಹೋದ.

ಹೆಂಡತಿ ಮಾತ್ರ ಗಂಡನ ಕಡೆ ತಿರುಗಿದರು. ಎರಡು ವಾರ ಬಿಗಿದುಕೊಂಡಿದ್ದ ಆ ಮುಖ ಈಗ ಸಡಿಲವಾಗಿತ್ತು. "ಅಂತೂ ನಿಮಗೇನಿಲ್ಲ ಅಂತಾಯ್ತಲ್ಲ ರೀ" ಎಂದರು. "ನಂಗೆ ಅಷ್ಟು ಸಾಕು."

ಬೈಂಡರು ಅಲ್ಲೇ, ಡಾಕ್ಟರ ಮೇಜು ಹಿಡಿದುಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಹೊರಗೆ ಕಾಯುತ್ತಿದ್ದವರು ಪಾಪ, ಕುರ್ಚಿಯ ರೋಗಿಯ ಕಥೆ ಮುಗಿಯಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವಾಪಸು ಹೋಗಲು ಟ್ಯಾಕ್ಸಿ ಸಿಗಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಹೆಂಡತಿಗೆ ಕೊಟ್ಟು ಬೈಂಡರು ಈ ಬದಿಗೆ ಕೂತರು. ಎರಡು ಸ್ಟಾಪು ದಾಟುವುದರೊಳಗೆ ಹೆಂಡತಿಯ ತಲೆ ಅವರ ಭುಜದ ಮೇಲೆ ವಾಲಿತು. ಗಂಡ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಎರಡು ವಾರ ರಾತ್ರಿಯಿಡೀ ಕಾದವರನ್ನು ಈಗ ನಿದ್ದೆ ಎಳೆದುಕೊಂಡು ಹೋಗಿತ್ತು. ಬೈಂಡರು ಅಲುಗಾಡಲಿಲ್ಲ. ಹೆಂಡತಿಯ ಕತ್ತಿನಲ್ಲಿ ಒಂದು ನರ ಮಿಡಿಯುತ್ತಿತ್ತು. ಅದನ್ನೇ ನೋಡುತ್ತ ಕೂತರು. ಬಸ್ಸು ಗುಂಡಿಗೆ ಇಳಿದಾಗ ಆ ನರ ಕಣ್ಣಿಗೆ ತಪ್ಪಿತು, ಆಗ ಅವರಿಗೆ ಆದ ಹೆದರಿಕೆಯ ಮುಂದೆ ಆ ಎರಡು ವಾರದ್ದು ಏನೂ ಅಲ್ಲ. ಮತ್ತೆ ಕಂಡಿತು. ಮತ್ತೆ ನೋಡಿದರು.

ಕಂಡಕ್ಟರು ಬಂದು ಹತ್ತಿರ ನಿಂತ. ದೊಡ್ಡ ದನಿಯ ಆಳು. "ಯಜಮಾನ್ರೇ, ನಿಮ್ಮ ಸ್ಟಾಪು ದಾಟಿಹೋಯ್ತು. ಆಗಲೇ ಎರಡು ಸಲ ಕೂಗಿದೆ."

"ಕೇಳಿಸ್ತು" ಎಂದರು ಬೈಂಡರು ಪಿಸುಮಾತಿನಲ್ಲಿ. "ಸ್ವಲ್ಪ ಮೆತ್ತಗೆ ಮಾತಾಡಪ್ಪ. ಮಲಗಿದ್ದಾಳೆ."

"ಮತ್ತೆ ಎಲ್ಲಿ ಇಳೀತೀರಿ?"

"ಈ ಬಸ್ಸು ಎಲ್ಲೀವರೆಗೆ ಹೋಗುತ್ತೆ?"

"ಕೊನೇ ಸ್ಟಾಪು ಇನ್ನೂ ಮುಕ್ಕಾಲು ಗಂಟೆ."

ಬೈಂಡರು ಭುಜ ಅಲ್ಲಾಡದಂತೆ, ಒಂದೇ ಕೈಯಿಂದ ಜೇಬು ತಡಕಿದರು. "ಅಲ್ಲಿಗೆ ಎರಡು ಕೊಡು" ಎಂದರು. "ಆಮೇಲೆ ಡ್ರೈವರಿಗೆ ಹೇಳು, ನಿಧಾನಕ್ಕೆ ಹೋಗ್ಲಿ."